ಸಾಲು ನೇಜಿಯ ಚರಿತ್ರೆ

ತುಳುನಾಡಿನ ಭತ್ತದ ಬೇಸಾಯದ ಚರಿತ್ರೆಯಲ್ಲಿ ಜಪಾನ್ ದೇಶಕ್ಕೂ ಒಂದು ಅಧ್ಯಾಯ ಸಲ್ಲುತ್ತದೆಂದರೆ ಇಂದಿನ ಓದುಗರಲ್ಲಿ ಹಲವರು ವಿಸ್ಮಯಪಟ್ಟಾರು. ಆ ದ್ವೀಪರಾಷ್ಟ್ರದ ಪ್ರಭಾವವೆಂದೊಡನೆ ನಮ್ಮ ಲಕ್ಷ್ಯವು ಬಿಡದಿಯ ಮೋಟಾರು ಕಾರ್ಖಾನೆಯ ಕಡೆಗೆ, ಮೈಸೂರಿನ ರೇಷ್ಮೆ ಸಂಶೋಧನಾಲಯದ ಕಡೆಗೆ, ಹೆಚ್ಚೆಂದರೆ 1898ರಷ್ಟು ಹಿಂದೆಯೇ ಜಪಾನನ್ನು ಕಂಡುಬಂದು ಅದರ ಶಿಸ್ತನ್ನೂ ಉದ್ಯಮಶೀಲತೆಯನ್ನೂ ಜೀವನವಿಡೀ ಕೊಂಡಾಡಿದ ವಿಶ್ವೇಶ್ವರಯ್ಯನವರ ಕಡೆಗೆ ಹೊರಳುವುದು ಸಹಜ. ಆದರೆ ಬಿಡದಿಯ ಕಾರ್ಖಾನೆಗೆ ಅಸ್ತಿಭಾರ ಬೀಳುವುದಕ್ಕೆ ನಾಲ್ಕು ದಶಕಗಳಷ್ಟು ಮುಂಚೆಯೇ, ಆಷಾಢದ ಮಳೆಯಲ್ಲಿ ಮೊಣಕಾಲುದ್ದದ ಕೆಸರಿನಲ್ಲಿ ಬಾಗಿ ನಿಂತು ನೇಜಿ ನೆಡುವ ಹೆಂಗಸರ ಕೈಬೆರಳಿನವರೆಗೆ ಬಂದು ಮುಟ್ಟಿದ ಜಪಾನೀಯ ವಿದ್ಯೆಯೊಂದಿತ್ತು. ಸರ್ಕಾರಿ ಕಾಗದಪತ್ರಗಳಲ್ಲಿ ಅದಕ್ಕೆ 'ಜಪಾನ್ ಮಾದರಿ ಭತ್ತದ ಬೇಸಾಯ'ವೆಂದು ಹೆಸರು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳಂಥ ಸೀಮೆಗೆ ಬಂದ ಆ ವಿದ್ಯೆಯ ಮೂಲವೇನು, ಅದು ಇಲ್ಲಿ ಬೇರು ಬಿಡಲು ಏಕೆ ತಿಣುಕಿತು, ಕಡೆಗೆ ಯಾವ ರೂಪದಲ್ಲಿ ಉಳಿಯಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ನೆಲದ ಮಾತು. ನೇತ್ರಾವತಿಯ ದಂಡೆಯ ಬಂಟ್ವಾಳ, ಕುದುರೆಮುಖದ ತಪ್ಪಲಿನ ಬೆಳ್ತಂಗಡಿ, ಬಸದಿಗಳ ನಗರವಾದ ಮೂಡಬಿದಿರೆ, ಈ ಮೂರೂ ಗುಡ್ಡ ಮತ್ತು ಬೈಲುಗಳು ಒಂದರ ಮಗ್ಗುಲಲ್ಲೊಂದು ಹೆಣೆದುಕೊಂಡಿರುವ ಸೀಮೆಗಳು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಇಲ್ಲಿಯ ಒಕ್ಕಲಿಗನು ತನ್ನ ಗದ್ದೆಗಳನ್ನು ನೀರಿನ ಆಸರೆಗೆ ತಕ್ಕಂತೆ ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸಿದ್ದನು. ಮಳೆಗಾಲದ ಏಣೆಲು ಬೆಳೆ ಮೂರರಲ್ಲಿಯೂ ಬರುವುದು. ಅದರ ಹಿಂದಿನಿಂದ ಬರುವ ಸುಗ್ಗಿ ಬೆಳೆ ಮಜಲಿಗೂ ಬೈಲಿಗೂ ಮಾತ್ರ. ಬೇಸಗೆಯ ಕೊಳಕೆಯಂತೂ ತೋಡಿನ ನೀರು ಬತ್ತದ ಬೈಲಿನ ಭಾಗ್ಯ. 1801ರಲ್ಲಿ ಈ ದಾರಿಯಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನ ದಿನಚರಿಯಲ್ಲಿ ಇಲ್ಲಿಯ ಗದ್ದೆಗಳ ವಿಚಾರ ವಿಸ್ತಾರವಾಗಿಯೇ ಬಂದಿದೆ. ಗುಡ್ಡದಿಂದ ಕಡಿದು ತಂದ ಹಸಿ ಸೊಪ್ಪು, ಸೊಪ್ಪು ಹಾಸಿದ ಹಟ್ಟಿಯ ಗೊಬ್ಬರ, ಸುಟ್ಟ ಬೂದಿ, ಇವಿಷ್ಟೇ ಮಣ್ಣಿಗೆ ಆಹಾರ. ಆ ಸೊಪ್ಪಿಗಾಗಿಯೇ ಕೃಷಿಭೂಮಿಯ ಅಂಚಿನ ಸರ್ಕಾರಿ ಗುಡ್ಡದಲ್ಲಿ ಕುಮ್ಕಿಯೆಂಬ ಹಕ್ಕು. ಕಯಮೆ, ಅತಿಕರಾಯ, ಮಸ್ಕತಿ, ಗಂಧಸಾಲೆ ಮೊದಲಾದ ತಳಿಗಳು ಒಂದೊಂದು ಮಣ್ಣಿಗೂ ಒಂದೊಂದು ಋತುವಿಗೂ ಒಗ್ಗಿ ಬಂದಂಥವು. ಇಷ್ಟು ಪರಿಪಕ್ವವಾದ ಪದ್ಧತಿಯೊಂದಕ್ಕೆ ಹೊರಗಿನಿಂದ ಗುರುವೊಬ್ಬನು ಬರಬೇಕಾದ ಪ್ರಮೇಯವೇ ಇರಲಿಲ್ಲವೆಂದು ತೋರಬಹುದು. ಪ್ರಮೇಯವನ್ನು ತಂದೊಡ್ಡಿದ್ದು ಯುದ್ಧ.

ಮೊದಲಿಗೆ ನಮ್ಮ ಜನರಿಗೆ ಜಪಾನೆಂದರೆ ಅಂಗಡಿಯ ಅಗ್ಗದ ಸರಕು. 1930ರ ದಶಕದಲ್ಲಿ ಜಪಾನಿನ ಹತ್ತಿಬಟ್ಟೆ ಎಷ್ಟು ಸೋವಿಯಾಗಿ ಬಂದಿಳಿಯುತ್ತಿದ್ದಿತೆಂದರೆ ಅದನ್ನು ತಡೆಯಲು ಭಾರತ ಸರ್ಕಾರವು 1933ರಲ್ಲಿ ಸುಂಕವನ್ನು ಶೇಕಡಾ 75ರವರೆಗೆ ಏರಿಸಬೇಕಾಯಿತು. ಅದಾದ ಒಂಬತ್ತು ವರ್ಷಗಳಲ್ಲಿ ಅದೇ ಹೆಸರು ಹಸಿವೆಯ ಹೆಸರಾಗಿ ಪರಿಣಮಿಸಿತು: 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ಕೈಸೇರಿದೊಡನೆ ಬರ್ಮಾದ ಅಕ್ಕಿಯ ಹಡಗುಗಳು ನಿಂತುಹೋದವು, ಆ ಅಕ್ಕಿಯನ್ನೇ ನೆಚ್ಚಿಕೊಂಡಿದ್ದ ಪಡುವಣ ಕರಾವಳಿಯು, ವಿಶೇಷತಃ ಮಲಬಾರು ಮತ್ತು ತಿರುವಾಂಕೂರು, ತತ್ತರಿಸಿತು, ಮದರಾಸು ಪ್ರಾಂತದಲ್ಲಿ ಧಾನ್ಯದ ನಿಯಂತ್ರಣವೂ ಪಡಿತರವೂ ಬಂದವು, ದಕ್ಷಿಣ ಕನ್ನಡ ಜಿಲ್ಲೆಯು ಅಂದು ಆ ಪ್ರಾಂತಕ್ಕೇ ಸೇರಿದ್ದಿತು. 'ಹೆಚ್ಚು ಆಹಾರ ಬೆಳೆಯಿರಿ' ಎಂಬ ಘೋಷಣೆ ಹುಟ್ಟಿದುದು ಆ ಸಂಕಟದಲ್ಲಿ. ಹೀಗೆ ಯಾರ ದಂಡಯಾತ್ರೆಯಿಂದ ನಮ್ಮ ಅಕ್ಕಿ ತುಟ್ಟಿಯಾಯಿತೋ, ಹತ್ತೇ ವರ್ಷಗಳಲ್ಲಿ ಅವರದೇ ಬೇಸಾಯವನ್ನು ಅಕ್ಕಿಯ ಕೊರತೆಗೆ ಮದ್ದೆಂದು ಸ್ವತಂತ್ರ ಭಾರತವು ಸ್ವೀಕರಿಸಿತು.

ಆ ಬೇಸಾಯವಾದರೂ ಜಪಾನಿನಲ್ಲಿ ಅನಾದಿಯಿಂದ ಬಂದುದಲ್ಲ. ಅದರಲ್ಲಿ ನಾವು ಪ್ರಾಚೀನವೆಂದು ಭಾವಿಸುವ ಬಹುಭಾಗವು 1868ರ ಮೇಜಿ ಪರಿವರ್ತನೆಯ ಅನಂತರದ ಐವತ್ತು ವರ್ಷಗಳಲ್ಲಿ ರೂಪುಗೊಂಡಿತು. ಹೊಸ ಸರ್ಕಾರವು ಪಾಶ್ಚಾತ್ಯ ತಜ್ಞರನ್ನು ಕರೆಸಿ ದೊಡ್ಡ ನೇಗಿಲು, ದೊಡ್ಡ ಕ್ಷೇತ್ರಗಳ ಪ್ರಯೋಗವನ್ನು ಮೊದಲು ಮಾಡಿತು. ಅಂಗೈಯಗಲದ ಕೆಸರುಗದ್ದೆಗಳ ದೇಶಕ್ಕೆ ಅದು ಹೊಂದಲಿಲ್ಲ. ಆಗ ಅಧಿಕಾರಿಗಳು ತಮ್ಮ ಹಳ್ಳಿಗಳ ಅನುಭವಸ್ಥ ಹಿರಿಯ ರೈತರ ಕಡೆಗೆ ತಿರುಗಿ, ಅವರನ್ನೇ ಊರೂರಿಗೆ ಕಳುಹಿಸಿ, ಅವರ ಕೈಯ ಗುಟ್ಟುಗಳನ್ನು ಪ್ರಯೋಗಶಾಲೆಯ ಪರೀಕ್ಷೆಗೊಡ್ಡಿ, ಗಟ್ಟಿಯಾದುದನ್ನು ರಾಷ್ಟ್ರಕ್ಕೆಲ್ಲ ಹಂಚಿದರು. ಉಪ್ಪುನೀರಿನಲ್ಲಿ ಬೀಜ ಮುಳುಗಿಸಿ, ತೇಲುವ ಜೊಳ್ಳನ್ನು ತೆಗೆದು, ಮುಳುಗಿದ ಗಟ್ಟಿ ಕಾಳನ್ನೇ ಬಿತ್ತುವ ಕ್ರಮವನ್ನು ಯೊಕೊಯಿ ತೊಕಿಯೊಷಿ ಎಂಬ ಕೃಷಿಪಂಡಿತನು 1882ರಲ್ಲಿ ರೂಪಿಸಿದನು. ಸಾಲುಗಳ ನಡುವೆ ತಳ್ಳಿಕೊಂಡು ಹೋದರೆ ಕಳೆಯನ್ನು ಕಿತ್ತು ಕೆಸರಿನಲ್ಲೇ ಹುಗಿಯುವ ಚಕ್ರದ ಉಪಕರಣವನ್ನು ನಕಾಯಿ ತಾಯಿಚಿರೊ ಎಂಬವನು 1892ರಲ್ಲಿ ನಿರ್ಮಿಸಿದನು. ಈ ಚಕ್ರ ಓಡಬೇಕಾದರೆ ಪೈರು ನೇರ ಸಾಲಿನಲ್ಲಿರಲೇಬೇಕು. ನೇರ ಸಾಲು ಬೇಕಾದರೆ ಹಗ್ಗ ಕಟ್ಟಿ ನೆಡಬೇಕು. ಹಾಗೆ ವಿರಳವಾಗಿ ನೆಟ್ಟ ಸಸಿ ತೆಂಡೆಯೊಡೆದು ಗದ್ದೆಯನ್ನು ತುಂಬಬೇಕಾದರೆ ಸಸಿಯೂ ಬಲವಾಗಿರಬೇಕು, ಗೊಬ್ಬರವೂ ಧಾರಾಳವಾಗಿರಬೇಕು. ಒಂದನ್ನು ಹಿಡಿದರೆ ಇನ್ನೊಂದು ತಾನಾಗಿ ಹಿಂಬಾಲಿಸುವ ಈ ಸುಸಂಬದ್ಧತೆಯೇ ಜಪಾನೀಯ ಕಾರ್ಯಪದ್ಧತಿಯ ಜೀವಾಳ. ಮುಂದೆ ಅವರ ಕಾರ್ಖಾನೆಗಳನ್ನು ಲೋಕವೇ ಮೆಚ್ಚಿದುದು ಇದೇ ಗುಣಕ್ಕಾಗಿಯೆಂದು ನನ್ನ ಭಾವನೆ.

ಇದೆಲ್ಲ ಪ್ರೀತಿಯಿಂದಲೇ ಹರಡಿತೆಂದು ತಿಳಿಯಬಾರದು. ಸಸಿಮಡಿಯನ್ನು ಇಂತಿಷ್ಟೇ ಅಗಲದ ಪಟ್ಟಿಗಳಾಗಿ ಮಾಡಬೇಕು, ಸಾಲಿನಲ್ಲೇ ನೆಡಬೇಕು ಎಂದು ಜಪಾನಿನ ಪ್ರಾಂತಾಧಿಕಾರಿಗಳು ಕಟ್ಟಳೆ ಹೊರಡಿಸಿ, ಉಲ್ಲಂಘಿಸಿದವರ ಮೇಲೆ ಪೊಲೀಸರನ್ನು ಬಿಟ್ಟ ಪ್ರಸಂಗಗಳು ಮೇಜಿ ಕಾಲದ ಉತ್ತರಾರ್ಧದಲ್ಲಿ ಹಲವಿವೆ. ಸೊಂಟದಲ್ಲಿ ಕತ್ತಿ ತೂಗಿಸಿದ ಪೊಲೀಸನು ಗದ್ದೆಯ ಬದುವಿನ ಮೇಲೆ ನಿಲ್ಲುತ್ತಿದ್ದುದರಿಂದ ಆ ನೀತಿಗೆ 'ಕತ್ತಿಯ ಕೃಷಿ'ಯೆಂಬ ಅಡ್ಡಹೆಸರೇ ಬಂದಿತು. ಶಿಸ್ತು ಜಪಾನೀಯರಿಗೆ ಹುಟ್ಟುಗುಣವೆಂದು ಹೇಳುವವರು ಈ ಪ್ರಸಂಗವನ್ನು ಗಮನಿಸಬೇಕು. ಶಿಸ್ತನ್ನು ಆ ಸಮಾಜ ಶ್ರಮಪಟ್ಟು, ನೋವುಂಡು ಕಲಿತಿದೆ.

ಭಾರತದಲ್ಲಿ ಈ ಪದ್ಧತಿಯ ಮೊದಲ ಪ್ರಯೋಗಗಳು ನಡೆದುದು ಮುಂಬಯಿಯ ಬೊರಿವಿಲಿಯಲ್ಲಿರುವ ಕೋರಾ ಗ್ರಾಮೋದ್ಯೋಗ ಕೇಂದ್ರದಲ್ಲಿ, 1950ರ ದಶಕದ ಆರಂಭದಲ್ಲಿ. ಗಾಂಧೀಮಾರ್ಗದ ಗ್ರಾಮೋದ್ಯೋಗಿಗಳು ಇದಕ್ಕೆ ಮೊದಲು ಕೈಹಾಕಿದುದು ಅರ್ಥಪೂರ್ಣ: ಯಂತ್ರಕ್ಕಿಂತ ಕೈಗೆ, ಬಂಡವಾಳಕ್ಕಿಂತ ಶ್ರಮಕ್ಕೆ ಪ್ರಾಧಾನ್ಯವಿದ್ದ ಬೇಸಾಯವದು. 1953ರಲ್ಲಿ ಕೇಂದ್ರ ಸರ್ಕಾರವು ಅದನ್ನು ರಾಷ್ಟ್ರವ್ಯಾಪಿ ಆಂದೋಲನವಾಗಿ ಎತ್ತಿಕೊಂಡಿತು; ಅದರ ಹಿಂದಿನ ಪ್ರಮುಖ ಶಕ್ತಿ ಅಂದಿನ ಕೃಷಿಮಂತ್ರಿ ಪಂಜಾಬರಾವ್ ದೇಶಮುಖರು. 1952ರ ಗಾಂಧೀಜಯಂತಿಯಂದು ಸಮುದಾಯ ವಿಕಾಸ ಯೋಜನೆ ಆರಂಭವಾಗಿದ್ದುದರಿಂದ ಬ್ಲಾಕು, ಗ್ರಾಮಸೇವಕ, ಪ್ರಾತ್ಯಕ್ಷಿಕೆಯ ಗದ್ದೆ ಎಂಬ ಹೊಸ ವ್ಯವಸ್ಥೆಯ ಮೂಲಕ ಈ ಉಪದೇಶ ಹಳ್ಳಿಗಳಿಗೆ ಇಳಿಯುವುದಕ್ಕೆ ಮಾರ್ಗವೂ ಸಿದ್ಧವಾಗುತ್ತಿದ್ದಿತು. ಇಪ್ಪತ್ತೈದು ಅಡಿ ಉದ್ದ, ನಾಲ್ಕಡಿ ಅಗಲದ ಏರುಮಡಿಗಳಲ್ಲಿ ತೆಳುವಾಗಿ ಬೀಜ ಚೆಲ್ಲಬೇಕು, ಉಪ್ಪುನೀರಿನಲ್ಲಿ ಬೀಜ ಆರಿಸಬೇಕು, ಹತ್ತು ಹತ್ತು ಅಂಗುಲದ ಅಂತರದಲ್ಲಿ, ಬುಡಕ್ಕೆ ಮೂರು ನಾಲ್ಕೇ ಸಸಿಗಳಂತೆ ಸಾಲುಹಿಡಿದು ನೆಡಬೇಕು, ಕಳೆಚಕ್ರ ಓಡಿಸಬೇಕು, ಗೊಬ್ಬರದೊಡನೆ ಅಮೋನಿಯಂ ಸಲ್ಫೇಟನ್ನೂ ಹಾಕಬೇಕು. ಆಲುವಾದ ಕಾರ್ಖಾನೆ 1947ರಿಂದ, ಸಿಂಧ್ರಿಯದು 1951ರಿಂದ ಆ ಲವಣವನ್ನು ತಯಾರಿಸತೊಡಗಿದ್ದುದರಿಂದ ಕೊನೆಯ ಉಪದೇಶಕ್ಕೆ ಸಾಮಗ್ರಿಯೂ ಒದಗಿತು. ಸರಿಯಾಗಿ ಮಾಡಿದ ಕಡೆ ಇಳುವರಿ ಗಣನೀಯವಾಗಿ ಹೆಚ್ಚಿದುದು ನಿಜ. ಇಲ್ಲಿ ಒಂದು ಮಾತನ್ನು ಮರೆಯಬಾರದು: ಬುಡಕ್ಕೊಂದೇ ಸಸಿ ನೆಡಬೇಕೆಂದು ಮದರಾಸಿನ ಕೃಷಿ ಇಲಾಖೆ ಇಪ್ಪತ್ತನೆಯ ಶತಮಾನದ ಆದಿಯಲ್ಲೇ ಪ್ರಚಾರ ಮಾಡಿದ್ದಿತು, ವಿರಳ ನಾಟಿಯ ವಿಚಾರ ನಮಗೆ ತೀರ ಅಪರಿಚಿತವಾಗಿರಲಿಲ್ಲ.

ಹಾಗಿದ್ದರೂ ತುಳುನಾಡಿನಂಥ ಸೀಮೆಯಲ್ಲಿ ಈ ಮಾದರಿ ಇಡಿಯಾಗಿ ನೆಲೆಸಲಿಲ್ಲ. ಕಾರಣಗಳಲ್ಲಿ ಮೊದಲನೆಯದು ಆಕಾಶದ್ದು. ಮಂಡ್ಯದ ನಾಲೆಯ ಬಯಲಿನಲ್ಲಿ ನೀರನ್ನು ಬೇಕಾದಾಗ ಬಿಟ್ಟು ಬೇಡವಾದಾಗ ತಡೆಯಬಹುದು. 1960ರ ದಶಕದಲ್ಲಿ ಜಪಾನ್ ಸರ್ಕಾರದ ಸಹಕಾರದಿಂದ ತೆರೆದ ಪ್ರಾತ್ಯಕ್ಷಿಕೆಯ ಕ್ಷೇತ್ರಗಳಲ್ಲೊಂದು ಆ ಮಂಡ್ಯಕ್ಕೇ ಸಂದುದು ಆಕಸ್ಮಿಕವಲ್ಲ. ಬೆಳ್ತಂಗಡಿಯ ಏಣೆಲು ಗದ್ದೆಯಲ್ಲಾದರೋ ನೀರು ಮೇಲಿನ ಗದ್ದೆಯಿಂದ ಕೆಳಗಿನದಕ್ಕೆ ಹಗಲೂ ಇರುಳೂ ಹರಿಯುತ್ತಲೇ ಇರುತ್ತದೆ. ಬೆಳಿಗ್ಗೆ ಎರಚಿದ ಲವಣ ಸಂಜೆಯ ಮಳೆಗೆ ತೋಡು ಸೇರುವುದು ಅಲ್ಲಿ ಅಪರೂಪವಲ್ಲ. ಮುರಕಲ್ಲಿನಿಂದಾದ ಹುಳಿ ಮಣ್ಣಿಗೆ ಅಮೋನಿಯಂ ಸಲ್ಫೇಟು ಇನ್ನಷ್ಟು ಹುಳಿಯನ್ನೇ ಸೇರಿಸುವುದು ಬೇರೆ ಮಾತು.

ಎರಡನೆಯದು ನೆಡುವವರ ಕೈಯ ವಿಚಾರ. ತುಳುನಾಡಿನಲ್ಲಿ ನೇಜಿ ನೆಡುವುದು ಕೂಲಿಯ ಕೆಲಸ ಮಾತ್ರವಾಗಿರಲಿಲ್ಲ. ಹೆಂಗಸರು ಸಾಲಾಗಿ ನಿಂತು ಹಿಂದೆ ಸರಿಯುತ್ತ ನೆಡುವಾಗ ಒಬ್ಬಳು ಓಬೇಲೆಯನ್ನೋ ಪಾಡ್ದನವನ್ನೋ ಎತ್ತಿದರೆ ಉಳಿದವರು ದನಿಗೂಡಿಸುತ್ತಿದ್ದರು. ಕೈಯ ವೇಗವನ್ನೂ ದಿನದ ಬೇಸರವನ್ನೂ ಆ ಹಾಡೇ ಆಳುತ್ತಿದ್ದಿತು. ಅಂಗುಲದ ಗುರುತು ಹಾಕಿದ ಹಗ್ಗ ಗದ್ದೆಗೆ ಇಳಿದೊಡನೆ ಎಲ್ಲರೂ ಹಗ್ಗಕ್ಕಾಗಿ ಕಾಯಬೇಕು, ಒಟ್ಟಿಗೆ ನೆಡಬೇಕು, ಒಟ್ಟಿಗೆ ನಿಲ್ಲಬೇಕು. ಮಳೆ ಸುರಿಯುತ್ತಿರುವಾಗ, ಬೆಳೆದ ನೇಜಿ ಬಲಿತುಹೋಗುತ್ತಿರುವಾಗ, ನಾಳೆ ಇನ್ನೊಬ್ಬರ ಗದ್ದೆಗೆ ಇದೇ ಹೆಂಗಸರು ಹೋಗಬೇಕಾಗಿರುವಾಗ, ಹೆಚ್ಚು ಆಳುದಿನಗಳನ್ನು ಬೇಡುವ ಈ ಕ್ರಮವನ್ನು ರೈತನು ಕೈಬಿಟ್ಟರೆ ಅದನ್ನು ಸೋಮಾರಿತನವೆನ್ನಲು ನನಗೆ ಮನಸ್ಸು ಬಾರದು. ಇಲಾಖೆಯವರು ಗಂಡಸರಿಗೆ ಉಪನ್ಯಾಸ ಮಾಡಿದರು. ನೇಜಿ ನೆಡುತ್ತಿದ್ದವರು ಹೆಂಗಸರು.

ಮೂರನೆಯ ಕಾರಣವೇ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಕಡಿಮೆ ಚರ್ಚೆಗೆ ಬಂದುದು. ಜಪಾನಿನಲ್ಲಿ 1946ರ ಭೂಸುಧಾರಣೆಯ ಫಲವಾಗಿ, ಸಾಗುವಳಿ ಭೂಮಿಯಲ್ಲಿ ಶೇಕಡಾ 46ರಷ್ಟಿದ್ದ ಗೇಣಿಯ ಪಾಲು ನಾಲ್ಕೈದು ವರ್ಷಗಳಲ್ಲಿ ಶೇಕಡಾ 10ರ ಸುಮಾರಿಗೆ ಇಳಿಯಿತು. ಯುದ್ಧಾನಂತರದ ಜಪಾನೀ ರೈತನು ಒಂದೊಂದು ಸಸಿಯನ್ನೂ ಅಳತೆಯಿಟ್ಟು ನೆಟ್ಟದ್ದು ತನ್ನ ಸ್ವಂತ ನೆಲದಲ್ಲಿ. ನಮ್ಮ ಬಂಟ್ವಾಳ, ಬೆಳ್ತಂಗಡಿಗಳಲ್ಲಿ 1953ರಲ್ಲಿ ಗದ್ದೆಗಿಳಿಯುತ್ತಿದ್ದವರಲ್ಲಿ ಬಹುಮಂದಿ ಗೇಣಿದಾರರು. ಮೂಲಗೇಣಿಯವನಿಗೆ ಗೇಣಿಯ ಮೊತ್ತ ಸ್ಥಿರ, ಹಕ್ಕೂ ಶಾಶ್ವತ; ಚಾಲಗೇಣಿಯವನಿಗಾದರೋ ಎರಡೂ ಧಣಿಯ ಚಿತ್ತಕ್ಕೆ ಬಿಟ್ಟದ್ದು. ಅಂಥವನು ಎರಡರಷ್ಟು ಬೆವರು ಸುರಿಸಿ ಒಂದೂವರೆಯಷ್ಟು ಬೆಳೆದರೆ, ಮುಂದಿನ ವರ್ಷ ಹೆಚ್ಚುವುದು ಅವನ ಕಣಜದ ಅಕ್ಕಿಯೋ, ಧಣಿಯ ಮನೆಗೆ ಅಳೆಯಬೇಕಾದ ಮುಡಿಗಳ ಸಂಖ್ಯೆಯೋ? ಈ ಪ್ರಶ್ನೆಗೆ ಗ್ರಾಮಸೇವಕನ ಕೈಪುಸ್ತಕದಲ್ಲಿ ಉತ್ತರವಿರಲಿಲ್ಲ. ಜಪಾನಿನಿಂದ ನಾವು ಹಗ್ಗವನ್ನು ತಂದೆವು, ಚಕ್ರವನ್ನು ತಂದೆವು, ಉಪ್ಪುನೀರಿನ ಉಪಾಯವನ್ನು ತಂದೆವು. ಅವುಗಳಿಗೆ ಜೀವ ಕೊಟ್ಟ ಭೂಸ್ವಾಮ್ಯವನ್ನು ಅಲ್ಲಿಯೇ ಬಿಟ್ಟುಬಂದೆವು. ಆಂದೋಲನದ ಸೋಲಿಗೆ ಇದೇ ಮುಖ್ಯ ಕಾರಣವೆಂಬುದು ನನ್ನ ದೃಢವಾದ ಅಭಿಪ್ರಾಯ.

ಬೀಜದ ಕಥೆ ಬೇರೆ. ಜಪಾನೀ ತಳಿಗಳನ್ನು ನಮ್ಮ ತಳಿಗಳೊಡನೆ ಸಂಕರಿಸುವ ದೊಡ್ಡ ಪ್ರಯತ್ನವೊಂದು 1950ರ ದಶಕದಲ್ಲಿ, ಕೆ. ರಾಮಯ್ಯನವರ ಸೂಚನೆಯಂತೆ, ಕಟಕದ ಭತ್ತ ಸಂಶೋಧನಾಲಯದಲ್ಲಿ ನಡೆಯಿತು. ಮಲೇಷ್ಯದ ಮಾರ್ಗವಾಗಿ ಬಂದ ಮಸೂರಿ, ತಂಜಾವೂರಿನ ಎ.ಡಿ.ಟಿ. 27 ಅದರ ಸಂತಾನಗಳು. ಜಪಾನಿನ ಅಕ್ಕಿ ಬೆಂದರೆ ಅಂಟುತ್ತದೆ. ಕುಚ್ಚಲಕ್ಕಿಯ ಗಂಜಿಯನ್ನು ಬಿಡಿಬಿಡಿಯಾಗಿ ಉಂಡವರಿಗೆ ಅದು ರುಚಿಸುವಂಥದಲ್ಲ. ಮುಂದೆ ತುಳುನಾಡಿನ ಬೈಲುಗಳನ್ನು ಆವರಿಸಿದುದು ಜಯ, ಜ್ಯೋತಿ, ಕೇರಳದ ಮೊಂಕೊಂಪಿನಲ್ಲಿ ಹುಟ್ಟಿದ ಕೆಂಪಕ್ಕಿಯ ಎಂ.ಒ. 4 ಇಂಥವು.

ಗೇಣಿಯ ಪ್ರಶ್ನೆಗೆ ಉತ್ತರ ಬಂದುದು ಇಪ್ಪತ್ತು ವರ್ಷ ತಡವಾಗಿ. ದೇವರಾಜ ಅರಸರ ಕಾಲದ ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚಿ 1ರಿಂದ ಜಾರಿಗೆ ಬಂದಾಗ ಭೂನ್ಯಾಯ ಮಂಡಳಿಗಳ ಮುಂದೆ ಅರ್ಜಿಗಳ ಮಹಾಪೂರವೇ ಹರಿದ ಜಿಲ್ಲೆಗಳಲ್ಲಿ ದಕ್ಷಿಣ ಕನ್ನಡವು ಅಗ್ರಗಣ್ಯ. ಉಳುವವನು ಒಡೆಯನಾದನು. ಆದರೆ ಆ ಒಡೆಯನ ಮಕ್ಕಳು ಶಾಲೆಗೆ ಹೋದರು, ಮುಂಬಯಿಗೆ ಹೋದರು, ಕೊಲ್ಲಿ ದೇಶಗಳಿಗೆ ಹೋದರು. ಹೆಂಗಸರಿಗೆ ಬೀಡಿಯ ಸೂಪಿನಲ್ಲಿ, ಗೇರುಬೀಜದ ಕಾರ್ಖಾನೆಯಲ್ಲಿ ನೆರಳಿನ ಕೆಲಸ ದೊರೆಯಿತು. ಮಜಲು ಗದ್ದೆಗಳಿಗೆ ಅಡಕೆ ಇಳಿಯಿತು, ಬೆಟ್ಟು ಗದ್ದೆಗಳು ಹಡಿಲು ಬಿದ್ದವು. ನೆಲ ತನ್ನದಾದಾಗ ಕೈಗಳೇ ಇಲ್ಲವಾದ ಈ ವಿಪರ್ಯಾಸವನ್ನು ನೆನೆದರೆ ಖೇದವಾಗುತ್ತದೆ.

ಈ ಎಡೆಯಲ್ಲಿ ಜಪಾನು ಎರಡನೆಯ ಬಾರಿ ಬಂದಿತು, ಸರ್ಕಾರದ ಮೂಲಕವಲ್ಲ, ವ್ಯಾಪಾರದ ಮೂಲಕ. ಸಣ್ಣ ಹಿಡುವಳಿಗೆ ಸಣ್ಣ ಯಂತ್ರವೇ ಬೇಕೆಂಬ ನಂಬಿಕೆಯ ಮೇಲೆ ಬೆಳೆದ ಉದ್ಯಮಗಳು ಆ ದೇಶದಲ್ಲಿವೆ: ಒಸಾಕದಲ್ಲಿ 1890ರಲ್ಲಿ ಎರಕದ ಕುಲುಮೆಯಾಗಿ ಹುಟ್ಟಿದ ಕುಬೋಟಾ, ಅದೇ ನಗರದಲ್ಲಿ 1912ರಲ್ಲಿ ಹುಟ್ಟಿ 1933ರಲ್ಲಿ ರೈತನ ಕೈಗೆಟಕುವ ಪುಟ್ಟ ಡೀಸೆಲ್ ಎಂಜಿನನ್ನು ರೂಪಿಸಿದ ಯಾನ್ಮಾರ್. ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆಯು 1967ರಲ್ಲಿ ಮಿತ್ಸುಬಿಷಿಯ ಸಹಯೋಗದಿಂದ ಟಿಲ್ಲರು ತಯಾರಿಕೆಗೆ ಸ್ಥಾಪಿತವಾಯಿತು. ಕೇರಳದ ಕಾಮ್ಕೋ 1970ರ ದಶಕದಲ್ಲಿ ಕುಬೋಟಾದ ವಿದ್ಯೆಯನ್ನು ತಂದಿತು. ಟ್ರಾಕ್ಟರು ತಿರುಗಲಾಗದ ಮೂಲೆಗಳಲ್ಲಿ, ಮೆಟ್ಟಿಲು ಮೆಟ್ಟಿಲಾಗಿರುವ ನಮ್ಮ ಗದ್ದೆಗಳಲ್ಲಿ, ಟಿಲ್ಲರು ಕೋಣಗಳ ನೊಗವನ್ನು ಬಹುಬೇಗ ಇಳಿಸಿತು. ಇಂದು ಮೂಡಬಿದಿರೆಯ ಕಡಲಕೆರೆಯಲ್ಲೋ ವೇಣೂರಿನಲ್ಲೋ ಕಂಬಳದ ಕರೆಯಲ್ಲಿ ಓಡುವ ಕೋಣಗಳನ್ನು ಕಾಣುವವರು, ಅವುಗಳ ಪೂರ್ವಜರು ಉತ್ತ ಗದ್ದೆಗಳನ್ನು ಈಗ ಉಳುತ್ತಿರುವುದು ಬಹುಮಟ್ಟಿಗೆ ಜಪಾನೀ ವಂಶದ ಯಂತ್ರಗಳೆಂಬುದನ್ನು ನೆನೆಯಬೇಕು.

ಮೂರನೆಯ ಬಾರಿ ಅದು ಬಂದುದು ವಿಚಾರವಾಗಿ, ಅದೂ ಮೊದಲನೆಯದಕ್ಕೆ ನೇರ ವಿರುದ್ಧವಾಗಿ. ಷಿಕೊಕು ದ್ವೀಪದ ಮಸನೊಬು ಫುಕುವೋಕ ಉಳುಮೆಯನ್ನೂ ನಾಟಿಯನ್ನೂ ರಸಗೊಬ್ಬರವನ್ನೂ ಬಿಟ್ಟು, ಮಣ್ಣುಂಡೆಯಲ್ಲಿ ಬೀಜವಿಟ್ಟು ಚೆಲ್ಲಿ, ಹುಲ್ಲು ಹೊದಿಸಿ ಭತ್ತ ಬೆಳೆದವನು. ಅವನ ಗ್ರಂಥ 1975ರಲ್ಲಿ ಜಪಾನಿನಲ್ಲಿಯೂ 1978ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟವಾಯಿತು, 1988ರಲ್ಲಿ ಅವನಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಪೂರ್ಣಚಂದ್ರ ತೇಜಸ್ವಿಯವರು 'ಸಹಜ ಕೃಷಿ'ಯ ಮೂಲಕ ಆ ವಿಚಾರವನ್ನು ಕನ್ನಡ ರೈತರ ಮುಂದಿಟ್ಟರು. ಒಂದೇ ದೇಶ ಒಮ್ಮೆ ಅಂಗುಲದ ಲೆಕ್ಕವನ್ನೂ ಮತ್ತೊಮ್ಮೆ ಲೆಕ್ಕವನ್ನೆಲ್ಲ ಬಿಡುವ ಬುದ್ಧಿಯನ್ನೂ ಕಲಿಸಿದುದನ್ನು ವಿರೋಧಾಭಾಸವೆಂದು ನಾನು ಎಣಿಸುವುದಿಲ್ಲ. ಎರಡರ ಹಿಂದೆಯೂ ಇರುವುದು ಒಂದು ಗದ್ದೆಯನ್ನು ದೀರ್ಘಕಾಲ ಕಣ್ಣಿಟ್ಟು ನೋಡಿದ ತಾಳ್ಮೆ. ಅಂಥ ತಾಳ್ಮೆಗೆ ನಮ್ಮಲ್ಲಿಯೂ ಉದಾಹರಣೆಗಳಿವೆ. ಬೆಳ್ತಂಗಡಿ ತಾಲೂಕಿನ ಮಿತ್ತಬಾಗಿಲಿನಲ್ಲಿ ಬಿ. ಕೆ. ದೇವರಾಯರು ಬಹುಸಂಖ್ಯೆಯ ನಾಟಿ ಭತ್ತದ ತಳಿಗಳನ್ನು ಬಿತ್ತಿ ಉಳಿಸಿಕೊಂಡು ಬಂದಿರುವುದು ಯಾವ ಜಪಾನೀಯನ ಸಾಧನೆಗೂ ಕಡಿಮೆಯಲ್ಲ.

ಇನ್ನು ಸಾಲು ನೇಜಿಯ ಕಥೆಯ ಉತ್ತರಭಾಗ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಮುಂದೆ 'ಶ್ರೀ ಪದ್ಧತಿ'ಯ ಭತ್ತದ ಬೇಸಾಯವನ್ನು ಹಳ್ಳಿಹಳ್ಳಿಗೆ ಒಯ್ದಿತು. ಮಡಗಾಸ್ಕರ್ ದ್ವೀಪದಲ್ಲಿ ಫ್ರೆಂಚ್ ಪಾದ್ರಿಯೊಬ್ಬನು 1980ರ ದಶಕದಲ್ಲಿ ಕಂಡುಕೊಂಡ ಈ ಪದ್ಧತಿಯಲ್ಲಿ ಎಳೆಯ ಸಸಿಯೊಂದನ್ನೇ ಚೌಕಾಕಾರವಾಗಿ 25 ಸೆಂಟಿಮೀಟರು ಅಂತರದಲ್ಲಿ ನೆಟ್ಟು ಕಳೆಚಕ್ರ ಓಡಿಸುತ್ತಾರೆ. 25 ಸೆಂಟಿಮೀಟರೆಂದರೆ 1953ರ ಅದೇ ಹತ್ತು ಅಂಗುಲ, ಚಕ್ರವೂ ಅದೇ ಜಪಾನೀ ಚಕ್ರದ ಮೊಮ್ಮಗು. ಈಚಿನ ವರ್ಷಗಳಲ್ಲಿ ಅದೇ ಯೋಜನೆ 'ಯಂತ್ರಶ್ರೀ' ಎಂಬ ಹೆಸರಿನಲ್ಲಿ ಯಂತ್ರನಾಟಿಯನ್ನು ಪ್ರೋತ್ಸಾಹಿಸುತ್ತಿದೆ. ಟ್ರೇಗಳಲ್ಲಿ ಚಾಪೆಯಂತೆ ಬೆಳೆಸಿದ ನೇಜಿಯನ್ನು ಯಂತ್ರದ ಬೆನ್ನಿಗೇರಿಸಿದರೆ ಅದು ತಾನಾಗಿ ಸಾಲು ತಪ್ಪದೆ ನೆಡುತ್ತ ಸಾಗುತ್ತದೆ. ಈ ಚಾಪೆನೇಜಿಯ ತಂತ್ರ ಪಕ್ವವಾದುದು 1960ರ ದಶಕದ ಕೊನೆಯ ಜಪಾನಿನಲ್ಲಿ. ಹೆಂಗಸರು ಹಗ್ಗ ಹಿಡಿದು ಮಾಡಲೊಲ್ಲದ ಸಾಲನ್ನು, ಹೆಂಗಸರೇ ಗದ್ದೆಗೆ ಬಾರದ ಕಾಲದಲ್ಲಿ, ಯಂತ್ರ ಎಳೆಯುತ್ತಿದೆ. ಸಾಲು ಉಳಿಯಿತು, ಓಬೇಲೆ ಉಳಿಯಲಿಲ್ಲ. ಆ ನಷ್ಟಕ್ಕೆ ಇಳುವರಿಯ ಲೆಕ್ಕದಲ್ಲಿ ಪರಿಹಾರವಿಲ್ಲ.

ಓದುಗರಲ್ಲಿ ನನ್ನದೊಂದು ವಿನಂತಿಯುಂಟು. ಈ ಮೂರು ತಾಲೂಕುಗಳ ಹಳೆಯ ಮನೆಗಳ ಅಟ್ಟದಲ್ಲಿ 1950, 1960ರ ದಶಕಗಳ ಗೇಣಿ ಚೀಟಿಗಳು, ಬೆಳೆಯ ಲೆಕ್ಕದ ಪುಸ್ತಕಗಳು, ಬ್ಲಾಕು ಕಚೇರಿಯ ಕರಪತ್ರಗಳು, ತುಕ್ಕುಹಿಡಿದ ಕಳೆಚಕ್ರಗಳು ಇದ್ದರೆ ಗುಜರಿಗೆ ಹಾಕಬೇಡಿರಿ. ಅಂದು ಹಗ್ಗ ಹಿಡಿದು ನೇಜಿ ನೆಟ್ಟ ಹಿರಿಯ ಹೆಂಗಸರು ಇನ್ನೂ ನಮ್ಮ ನಡುವೆ ಇದ್ದರೆ, ಅವರ ಮಾತನ್ನು ಬರೆದಿಟ್ಟುಕೊಳ್ಳಿರಿ, ಧ್ವನಿಮುದ್ರಿಸಿಕೊಳ್ಳಿರಿ. ಸರ್ಕಾರದ ವರದಿಗಳಲ್ಲಿ ಆ ಬೇಸಾಯದ ಎಕರೆಗಳ ಲೆಕ್ಕ ಸಿಗುತ್ತದೆ. ಅದನ್ನು ನೆಟ್ಟವರ ಅಭಿಪ್ರಾಯ ಅವರ ಬಾಯಿಯಿಂದಲೇ ಸಿಗಬೇಕು.